ಎರಡು ಸಾಲು ಅಂಕಿಗಳ ಹಿಂದಿನ ಕಣ್ಣುಗಳು

ಹಾಸನದಲ್ಲಿ ಬದುಕು ಕಳೆದ ಭೌತಶಾಸ್ತ್ರದ ಮೇಷ್ಟ್ರಿಗೆ ಉಪಗ್ರಹದ ಹುಚ್ಚು ಹಿಡಿಯುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮೂರಿನಲ್ಲೇ ಇದೆ. ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಅದರ ಬಿಳಿ ಆಂಟೆನಾಗಳು ಪರಿಚಿತ. ಅವು ರೇಡಿಯೊ ಸಂಕೇತ ಕೇಳಿ ಕೆಲಸ ಮಾಡುತ್ತವೆ. ನಾನು ಹೇಳಹೊರಟಿರುವುದು ಅದಕ್ಕೂ ಹಳೆಯದಾದ, ಕಣ್ಣಿನಿಂದ ನಡೆದ ಕೆಲಸದ ಕಥೆ.

ನನ್ನ ಎಂಟು ಇಂಚಿನ ಟೆಲಿಸ್ಕೋಪಿಗೆ ಕಂಪ್ಯೂಟರ್ ಇದೆ. ಊರು, ದಿನಾಂಕ, ಗಂಟೆ ತಿಳಿಸಿ ಎರಡು ನಕ್ಷತ್ರಗಳ ಗುರುತು ಹಿಡಿಸಿದರೆ ಉಳಿದ ಆಕಾಶವೆಲ್ಲ ಅದಕ್ಕೆ ಗೊತ್ತು. ‘ಟೂರ್’ ಎಂಬ ಗುಂಡಿ ಒತ್ತಿದರೆ ಆ ರಾತ್ರಿ ನೋಡತಕ್ಕದ್ದನ್ನು ಒಂದೊಂದಾಗಿ ತೋರಿಸುತ್ತ ಹೋಗುತ್ತದೆ. 1992ರಲ್ಲಿ ಮೀಡ್ ಕಂಪನಿಯ ಎಲ್‌ಎಕ್ಸ್200 ಬಂದ ಮೇಲೆ ಈ ಅನುಕೂಲ ಹವ್ಯಾಸಿಗಳ ಅಂಗಳಕ್ಕೆ ಇಳಿಯಿತು. 1999ರ ಹೊತ್ತಿಗೆ ಪುಟ್ಟ ಟೆಲಿಸ್ಕೋಪುಗಳಿಗೂ ಬಂತು. ನಕ್ಷತ್ರಗಳ ಪಟ್ಟಿ ಒಮ್ಮೆ ತಯಾರಾದರೆ ನಮ್ಮ ಕಾಲಕ್ಕೆ ಸಾಕು. ಉಪಗ್ರಹದ ವಿಷಯ ಹಾಗಲ್ಲ. ಸೂರ್ಯ ಸ್ವಲ್ಪ ಕೆರಳಿದರೆ ಮೇಲಿನ ವಾಯುಮಂಡಲ ಉಬ್ಬುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಕೆಳಮಟ್ಟದ ಉಪಗ್ರಹ ದಾರಿ ಬದಲಿಸುತ್ತದೆ. ಅದರ ಪಥದ ಹಳೆಯ ಅಂಕಿ ನೆಚ್ಚಿಕೊಂಡು ಕಾದರೆ ಅದು ಬರುವ ಹೊತ್ತೂ ತಪ್ಪುತ್ತದೆ, ಜಾಗವೂ ತಪ್ಪುತ್ತದೆ. ಯಾರಾದರೂ ಅದನ್ನು ನೋಡಿ ಅಳೆಯುತ್ತಲೇ ಇರಬೇಕು.

ಹಾಗೆ ಅಳೆಯಲು ಮೊದಲು ನಿಂತವರು ಸಾಮಾನ್ಯ ಜನ. 1956ರಲ್ಲಿ, ಇನ್ನೂ ಒಂದು ಉಪಗ್ರಹವೂ ಹಾರಿರದ ಕಾಲದಲ್ಲಿ, ಅಮೆರಿಕದ ಸ್ಮಿತ್‌ಸೋನಿಯನ್ ಖಗೋಳ ವೀಕ್ಷಣಾಲಯದ ನಿರ್ದೇಶಕ ಫ್ರೆಡ್ ವಿಪ್ಪಲ್ ‘ಮೂನ್‌ವಾಚ್’ ಎಂಬ ಯೋಜನೆ ಹಾಕಿದರು. ಮೇಷ್ಟ್ರುಗಳು, ಗೃಹಿಣಿಯರು, ಶಾಲೆ ಮಕ್ಕಳು ತಂಡ ಕಟ್ಟಿಕೊಂಡರು. ಉತ್ತರ–ದಕ್ಷಿಣವಾಗಿ ಒಂದು ಎತ್ತರದ ಕಂಬದ ಇಕ್ಕೆಲಗಳಲ್ಲಿ ಸಾಲಾಗಿ ಕೂರುವುದು, ಪ್ರತಿಯೊಬ್ಬರ ಮುಂದೆ ಅಗಲ ನೋಟದ ಒಂದು ಪುಟ್ಟ ಟೆಲಿಸ್ಕೋಪು. ಮೇಲಕ್ಕೆ ಕತ್ತೆತ್ತಿ ನೋಯಿಸಿಕೊಳ್ಳದೆ, ಓರೆಯಾಗಿಟ್ಟ ಕನ್ನಡಿಯಲ್ಲಿ ಆಕಾಶ ನೋಡಬಹುದಿತ್ತು. ಒಬ್ಬೊಬ್ಬರಿಗೆ ಆಕಾಶದಲ್ಲಿ ಉತ್ತರ–ದಕ್ಷಿಣವಾಗಿ ನೆತ್ತಿಯ ಮೇಲೆ ಹಾಯುವ ಗೆರೆಯ ಒಂದೊಂದು ತುಣುಕು. ಚುಕ್ಕಿ ಆ ಗೆರೆ ದಾಟಿದ ಕ್ಷಣ ಕೂಗಬೇಕು. ರೇಡಿಯೊದ ಕಾಲಸಂಕೇತದ ಜೊತೆಗೆ ಆ ಕೂಗೂ ಟೇಪಿನಲ್ಲಿ ದಾಖಲಾಗುತ್ತಿತ್ತು. ಗಂಟೆಗಟ್ಟಲೆ ಚಳಿಯಲ್ಲಿ ಕೂತು, ಸಿಕ್ಕರೆ ಒಂದು ಚುಕ್ಕಿ. ಸಂಬಳವಿಲ್ಲದ ಈ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ದೊಡ್ಡ ಕ್ಯಾಮೆರಾಗಳ ಜಾಲ ಇನ್ನೂ ಸಿದ್ಧವಾಗಿರಲಿಲ್ಲ. ಈ ತಂಡಗಳು ಸಿದ್ಧವಾಗಿದ್ದವು. 58 ಸೆಂಟಿಮೀಟರಿನ ಆ ಗೋಳವನ್ನು ಬರಿಗಣ್ಣಿಗೆ ಕಂಡೆವೆಂದವರು ನಿಜವಾಗಿ ಕಂಡದ್ದು ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ಒಡಲನ್ನು.

ಆಮೇಲೆ ಬಂದವು ಬೇಕರ್–ನನ್ ಕ್ಯಾಮೆರಾಗಳು. ಜಗತ್ತಿನ ಹನ್ನೆರಡು ಕಡೆ ನಿಲ್ಲಿಸಿದ ಈ ಭಾರೀ ಯಂತ್ರಗಳಲ್ಲಿ ಒಂದು ನಮ್ಮ ನೈನಿತಾಲಿಗೂ ಬಂತು. ಅಲ್ಲಿನ ವೀಕ್ಷಣಾಲಯವನ್ನು ಆಗ ನಡೆಸುತ್ತಿದ್ದವರು ವೈಣು ಬಪ್ಪು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಫಿಲ್ಮಿನ ಮೇಲೆ ಉಪಗ್ರಹ, ಹಿನ್ನೆಲೆಯ ನಕ್ಷತ್ರಗಳು, ನಿಖರವಾದ ಹೊತ್ತು ಮೂರೂ ಒಟ್ಟಿಗೆ ಮೂಡಬೇಕು. ಆಮೇಲೆ ಸೂಕ್ಷ್ಮದರ್ಶಕದಡಿ ಅಳೆಯುವ ಕೆಲಸ. ಉಪಗ್ರಹಗಳ ಪಥವನ್ನು ಬಿಡದೆ ಅಳೆದದ್ದಕ್ಕೆ ಫಲವೂ ಸಿಕ್ಕಿತು. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1ರ ಪಥ ಲೆಕ್ಕಕ್ಕಿಂತ ಹೇಗೆ ಜರುಗುತ್ತಿದೆ ಎಂದು ನೋಡಿಯೇ ಭೂಮಿಯ ಉತ್ತರಾರ್ಧ, ದಕ್ಷಿಣಾರ್ಧ ಒಂದೇ ಆಕಾರದವಲ್ಲ ಎಂದು ತಿಳಿದದ್ದು. ಆ ಉಪಗ್ರಹ ಮೌನವಾಗಿ ಎಷ್ಟೋ ಕಾಲವಾಯಿತು. ಆದರೂ ಇವತ್ತಿಗೂ ಸುತ್ತುತ್ತಲೇ ಇದೆ, ಉಪಗ್ರಹಗಳ ಪಟ್ಟಿಯಲ್ಲಿ ಅದರ ಸಂಖ್ಯೆ 5.

ಮೂನ್‌ವಾಚಿನವರ ಕೆಲಸ ಬರೀ ಅಂಕಿಯಾಗಿ ಉಳಿಯದ ಒಂದು ರಾತ್ರಿಯೂ ಇದೆ. 1962ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಅಮೆರಿಕದ ಮಿಲ್ವಾಕಿಯ ತಂಡದವರು ಸ್ಪುಟ್ನಿಕ್-4 ಆಕಾಶದಲ್ಲಿ ಉರಿದು ಚೂರಾಗುವುದನ್ನು ಕಂಡರು. ಅಲ್ಲಿಂದ ಉತ್ತರಕ್ಕಿರುವ ಮ್ಯಾನಿಟೊವಾಕ್ ಊರಿನ ನಡುಬೀದಿಯಲ್ಲಿ, ಸುಮಾರು ಒಂಬತ್ತು ಕಿಲೋ ತೂಕದ ಲೋಹದ ತುಂಡೊಂದು ಡಾಂಬರಿನಲ್ಲಿ ನಾಟಿಕೊಂಡಿತ್ತು. ಗಸ್ತಿನ ಪೊಲೀಸರು ಯಾವುದೋ ಎರಕದ ಕಾರ್ಖಾನೆಯ ಕಸವೆಂದುಕೊಂಡು ಅದನ್ನು ರಸ್ತೆಯ ಬದಿಗೆ ಸರಿಸಿದರು. ಉಪಗ್ರಹ ಬಿದ್ದ ಸುದ್ದಿ ತಿಳಿದ ಮೇಲಷ್ಟೇ ಅದರ ಬೆಲೆ ಅವರಿಗೆ ಗೊತ್ತಾದದ್ದು.

ಮೂನ್‌ವಾಚ್ 1975ರಲ್ಲಿ ಮುಚ್ಚಿತು. ಅದೇ ವರ್ಷ ಏಪ್ರಿಲ್ 19ರಂದು, ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ನಮ್ಮ ಆರ್ಯಭಟ ಮೇಲೇರಿತು. ಈಗ ಅದೇ ಪೀಣ್ಯದಲ್ಲಿ ಇಸ್ರೋ ಬಾಹ್ಯಾಕಾಶದ ಕಸದ ಮೇಲೆ, ನಮ್ಮ ಉಪಗ್ರಹಗಳಿಗೆ ಡಿಕ್ಕಿಯಾಗದಂತೆ, ಕಣ್ಣಿಟ್ಟಿದೆ.

ಟೆಲಿಸ್ಕೋಪಿಗೆ ನಾವು ಊಡಿಸುವ ಅಂಕಿಗಳು ಇಂದಿಗೂ ಹಳೆಯ ರೂಪದಲ್ಲೇ ಇವೆ. ಒಂದೊಂದು ಉಪಗ್ರಹಕ್ಕೂ ಎರಡು ಸಾಲು, ಸಾಲಿಗೆ 69 ಅಕ್ಷರ. 80 ಕಂಬಸಾಲಿನ ತೂತು ಕಾರ್ಡುಗಳ ಕಾಲದಲ್ಲಿ ಹುಟ್ಟಿದ ಅಳತೆ ಅದು. ಪಥದ ಓರೆ, ಅಂಡಾಕಾರ, ದಿನಕ್ಕೆ ಎಷ್ಟು ಸುತ್ತು, ಅದು ಯಾವ ದಿನದ ಲೆಕ್ಕ ಎಲ್ಲವೂ ಅದರಲ್ಲಿ ಅಡಕ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸಂಖ್ಯೆ 25544. ಅದನ್ನು ಆರಿಸಿಕೊಂಡರೆ ಟೆಲಿಸ್ಕೋಪು ನಿಲ್ದಾಣ ಮೂಡುವ ಕಡೆಗೆ ಮೊದಲೇ ತಿರುಗಿ ಕಾಯುತ್ತದೆ. ನೋಟದೊಳಗೆ ಚುಕ್ಕಿ ಬಂದೊಡನೆ ಗುಂಡಿ ಒತ್ತಬೇಕು, ಮೋಟಾರುಗಳು ಗುರುಗುಟ್ಟಿ ಬೆನ್ನು ಹತ್ತುತ್ತವೆ. ನೆತ್ತಿಯ ಹತ್ತಿರ ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು ದೂರ. ನಕ್ಷತ್ರಗಳ ಹಿಂದೆ ಹೋಗುವ ಮಾಮೂಲಿ ವೇಗದ 240 ಪಟ್ಟು! ಸರಿಯಾಗಿ ನೆತ್ತಿಯ ಮೇಲೆಯೇ ಹಾದರೆ ಟೆಲಿಸ್ಕೋಪು ಒಮ್ಮೆಲೇ ಅರ್ಧ ಸುತ್ತು ತಿರುಗಬೇಕಾಗುತ್ತದೆ, ಆಗ ಮೋಟಾರು ಸೋಲುತ್ತದೆ. ಆದ್ದರಿಂದ ನಾನು ನೆತ್ತಿಗಿಂತ ಸ್ವಲ್ಪ ಕೆಳಗೆ ಹಾಯುವ ರಾತ್ರಿಗಳನ್ನೇ ಆರಿಸಿಕೊಳ್ಳುತ್ತೇನೆ. ಸಿಕ್ಕಿದಾಗ ಅದು ಬರೀ ಚುಕ್ಕಿಯಲ್ಲ. ಸೌರಫಲಕಗಳ ಆಕಾರ ಹೊಳೆದು ಕಾಣುತ್ತದೆ.

ಹಾಸನದ ಮಕ್ಕಳಿಗೆ ನಾನು ತೋರಿಸುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಯುಗಾದಿಯ ಆಸುಪಾಸಿನಲ್ಲಿ, ನೆತ್ತಿಗಿಂತ ತುಸು ದಕ್ಷಿಣಕ್ಕೆ ಟೆಲಿಸ್ಕೋಪು ತಿರುಗಿಸಿ ಮೋಟಾರು ನಿಲ್ಲಿಸಿಬಿಡುತ್ತೇನೆ. ನಕ್ಷತ್ರಗಳೆಲ್ಲ ಮೆಲ್ಲಗೆ ಪಶ್ಚಿಮಕ್ಕೆ ಸರಿಯುತ್ತವೆ, ಒಂದು ಮಸುಕು ಚುಕ್ಕಿ ಮಾತ್ರ ಕದಲುವುದಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹ ಅದು. ಸಾಲಗಾಮೆ ರಸ್ತೆಯ ಆಂಟೆನಾಗಳು ಮಾತಾಡುವುದು ಇಂಥವುಗಳ ಜೊತೆಗೇ ಎಂದಾಗ ಮಕ್ಕಳು ಕಣ್ಣು ಕೀಳುವುದಿಲ್ಲ.

ನಿಮ್ಮ ಕಾಲೇಜಿನ ಪ್ರಯೋಗಾಲಯದ ಬೀರುವಿನಲ್ಲಿ ಟೆಲಿಸ್ಕೋಪ್ ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಕಂಪ್ಯೂಟರ್ ಇಲ್ಲದಿದ್ದರೂ ಸರಿ. ಒಂದು ಮಗುವಿನ ಕೈಗೆ ಸ್ಟಾಪ್‌ವಾಚ್ ಕೊಡಿ, ಇನ್ನೊಂದರ ಕೈಗೆ ನಕ್ಷತ್ರಪಟ. ಉಪಗ್ರಹದ ಚುಕ್ಕಿ ಯಾವ ನಕ್ಷತ್ರದ ಪಕ್ಕ ಎಷ್ಟು ಹೊತ್ತಿಗೆ ಹಾಯಿತೆಂದು ಬರೆಸಿ. ಸೂರ್ಯ ಮುಳುಗಿದ ಮೇಲಿನ ಎರಡು ಗಂಟೆ, ಹುಟ್ಟುವ ಮುಂಚಿನ ಎರಡು ಗಂಟೆ ಇದಕ್ಕೆ ತಕ್ಕ ಹೊತ್ತು.