ಸುತ್ತಿಗೆಗೆ ಸರ್ಟಿಫಿಕೇಟು

ನಾನು ಮುಂಬಯಿಗೆ ಬಂದದ್ದು 1983ರಲ್ಲಿ, ಬ್ಯಾಂಕಿನ ವರ್ಗಾವಣೆ ಆದೇಶ ಹಿಡಿದುಕೊಂಡು. ಟ್ರಂಕಿನಲ್ಲಿ ನಾಲ್ಕು ಜೊತೆ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ, ಎಲ್ಲಕ್ಕಿಂತ ಜೋಪಾನವಾಗಿ ಎಂ.ಕಾಂ. ಸರ್ಟಿಫಿಕೇಟಿನ ಫೈಲು. ಈ ಊರಿನಲ್ಲಿ ಮೂವತ್ತಾರು ವರ್ಷ ನನ್ನನ್ನು ಸಾಕಿದ್ದು ಆ ಫೈಲೇ ಅಂದರೂ ತಪ್ಪಿಲ್ಲ. ನನ್ನ ಹಾಗೇ ಇನ್ನೆಲ್ಲಿಂದಲೋ ರೈಲು ಹತ್ತಿ ಬಂದವರಲ್ಲಿ ಬಹಳಷ್ಟು ಜನರ ಹತ್ತಿರ ಅಂಥ ಫೈಲು ಇರಲಿಲ್ಲ ಎನ್ನುವುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

1987ರಲ್ಲಿ ನಾನು ಕುರ್ಲಾದ ಶಾಖೆಯೊಂದರಲ್ಲಿ ಸಾಲದ ಮೇಜಿನಲ್ಲಿ ಕೂತಿದ್ದೆ. ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಒಬ್ಬ ಡೆಂಟರ್ ಬಂದ. ಡೆಂಟರ್ ಅಂದರೆ ಗೊತ್ತಲ್ಲ, ಗುದ್ದಿ ನಜ್ಜುಗುಜ್ಜಾದ ಕಾರಿನ ತಗಡನ್ನು ಬಡಿದು ಮೊದಲಿನ ಆಕಾರಕ್ಕೆ ತರುವವನು. ಉತ್ತರ ಪ್ರದೇಶದವನು. ಗ್ಯಾಸ್ ವೆಲ್ಡಿಂಗ್ ಸೆಟ್ಟು, ಸಾಮಾನು, ಗಾಲಾದ ಡಿಪಾಸಿಟ್ಟು ಎಲ್ಲ ಸೇರಿ ಹದಿನೆಂಟು ಸಾವಿರ ಬೇಕಿತ್ತು. ವಿದ್ಯಾವಂತ ನಿರುದ್ಯೋಗಿ ಯುವಕರಿಗೆ ಸಾಲ ಕೊಡುವ, 1983ರಲ್ಲಿ ಬಂದ ಕೇಂದ್ರದ ಯೋಜನೆ ನಮ್ಮಲ್ಲಿತ್ತು. ಆದರೆ ಮೆಟ್ರಿಕ್ ಆಗಿರಬೇಕು. ಈತ ಓದಿದ್ದು ನಾಲ್ಕನೇ ಇಯತ್ತೆ. ಬೇರೆ ಬಡವರ ಯೋಜನೆಯಲ್ಲಿ ಸಿಗುವ ಮೊತ್ತ ಅವನಿಗೆ ಸಾಲದು. ‘ಕೆಲಸ ಕಲಿತದ್ದಕ್ಕೆ ಏನಾದರೂ ಸರ್ಟಿಫಿಕೇಟು ಇದೆಯಾ?’ ಅಂದೆ. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಸಾಬ್, ಹಥೋಡೇ ಕಾ ಸರ್ಟಿಫಿಕೇಟ್ ಕೌನ್ ದೇತಾ ಹೈ?’ ಅಂತ ಕೇಳಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದ. ನಾನು ಅರ್ಜಿ ವಾಪಸು ಕೊಟ್ಟೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ.

ನಿವೃತ್ತಿಯಾದದ್ದು 2019ರಲ್ಲಿ. ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ನನ್ನ ಹತ್ತಿರ ಇದೆ. ಕಡಲ ಗಾಳಿಗೆ, ಮಳೆಗಾಲಗಳಿಗೆ ಅದರ ಎಡಗಡೆಯ ಮಡ್‌ಗಾರ್ಡು ತಿಂದುಹೋಗಿತ್ತು. ಗ್ಯಾರೇಜಿನವನು ‘ಫೈಬರ್ ಹಾಕೋಣ, ಇಲ್ಲಾ ಪುಟ್ಟಿ ಮೆತ್ತೋಣ. ತಗಡು ಬಡಿದು ಹೊಸದು ಮಾಡೋರು ಈಗ ಯಾರಿದ್ದಾರೆ?’ ಅಂದ. ಆ ಮಾತು ಯಾಕೋ ಚುಚ್ಚಿತು. ಕೈಯಲ್ಲಿ ಬಿಡುವಿತ್ತು. ನಾನೇ ಕಲಿತರೆ ಹೇಗೆ ಅನ್ನಿಸಿತು. ಮನೆಯಲ್ಲಿ ನಕ್ಕರು. ನಾನು ಮಾತ್ರ ಲೆಡ್ಜರ್ ಬರೆಯುವವನ ಶಿಸ್ತಿನಿಂದ, ಈ ವಿದ್ಯೆ ಎಲ್ಲಿ ಕಲಿಸುತ್ತಾರೆ ಎಂದು ಹುಡುಕಲು ಹೊರಟೆ.

ಮೊದಲು ಹೋದದ್ದು ಒಂದು ಐಟಿಐಗೆ. 1950ರಲ್ಲಿ ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಯಿತು, 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಶೀಟ್ ಮೆಟಲ್ ವರ್ಕರ್ ಎಂಬ ವಿಭಾಗ ಅಲ್ಲಿದೆ. ವಾಹನದ ಬಾಡಿ ರಿಪೇರಿಗೂ ಬೇರೆಯೇ ವಿಭಾಗ ಮಾಡಿದ್ದಾರೆ. ಆದರೆ ಅದು ಇಡೀ ದಿನದ, ಇಡೀ ವರ್ಷದ ಓದು, ಹದಿನಾರು ಹದಿನೇಳರ ಹುಡುಗರಿಗಾಗಿ ಇರುವುದು. ಅಲ್ಲಿನ ಬೋಧಕರು ಸಜ್ಜನರು. ಚಹಾ ಕುಡಿಸಿ ನಿಜ ಹೇಳಿದರು. ‘ಸಾರ್, ಶೀಟ್ ಮೆಟಲ್‌ನಲ್ಲಿ ನಾವು ಕಲಿಸೋದು ಮಡಿಸೋದು. ನಿಮಗೆ ಬೇಕಾದ್ದು ಉಬ್ಬಿಸೋದು.’

ಈ ವ್ಯತ್ಯಾಸ ನನಗೆ ಆಮೇಲೆ ಅರ್ಥವಾಯಿತು. ಬಾಳೆ ಎಲೆಯನ್ನು ಸುತ್ತಿ ದೊನ್ನೆ ಮಾಡಬಹುದು. ಅದೇ ಎಲೆಯಿಂದ ತೆಂಗಿನ ಗೆರಟೆಯ ಆಕಾರ ಮಾಡಲು ಹೋದರೆ ಒಂದೋ ಹರಿಯುತ್ತದೆ, ಇಲ್ಲವೇ ನೆರಿಗೆ ಬೀಳುತ್ತದೆ. ಲಾಳಿಕೆ, ಡಬ್ಬಿ, ಗಾಳಿ ಕೊಳವೆ ಇವೆಲ್ಲ ದೊನ್ನೆಯ ಜಾತಿ. ಕಾರಿನ ಮಡ್‌ಗಾರ್ಡು ಗೆರಟೆಯ ಜಾತಿ, ಎರಡೂ ದಿಕ್ಕಿಗೆ ಬಾಗಿರುತ್ತದೆ. ಹಾಗೆ ಬಾಗಬೇಕಾದರೆ ತಗಡು ನಡುವೆ ಹಿಗ್ಗಬೇಕು, ಅಂಚಿನಲ್ಲಿ ಕುಗ್ಗಬೇಕು. ಕಾರ್ಖಾನೆಯಲ್ಲಿ ಅದನ್ನು ದೈತ್ಯ ಪ್ರೆಸ್ಸು ಒಂದೇ ಏಟಿಗೆ ಮಾಡುತ್ತದೆ. ಕೈಯಲ್ಲಿ ಮಾಡುವವನು ಸಾವಿರಾರು ಸಣ್ಣ ಏಟುಗಳಲ್ಲಿ ಮಾಡಬೇಕು.

ಕಾರು ಕಂಪೆನಿಗಳವರು ತರಬೇತಿ ಕೊಡುವುದು ತಮ್ಮ ಡೀಲರುಗಳ ಕೆಲಸಗಾರರಿಗೆ. ಹೊರಗಿನವರಿಗೆ ಪ್ರವೇಶವಿಲ್ಲ. ಇಂಗ್ಲೆಂಡು, ಅಮೆರಿಕಗಳಲ್ಲಿ ಶನಿವಾರ ಭಾನುವಾರದ ತರಗತಿಗಳುಂಟು. ದುಡ್ಡು ಕಟ್ಟಿದರೆ ಇಂಗ್ಲಿಷ್ ವೀಲ್ ಎಂಬ ಎರಡು ಉರುಳೆಗಳ ಯಂತ್ರದ ನಡುವೆ ತಗಡನ್ನು ಆಡಿಸಿ ಉಬ್ಬಿಸುವುದನ್ನು ಯಾರಿಗಾದರೂ ಕಲಿಸುತ್ತಾರೆ. ಅಲ್ಲಿಗೆ ಹೋಗುವ ವಿಮಾನದ ಖರ್ಚಿಗೆ ಇಲ್ಲಿ ನಾಲ್ಕು ಪದ್ಮಿನಿ ಬರುತ್ತವೆ!

ಆಗ ಹಿರಿಯ ಮಿತ್ರರೊಬ್ಬರು ಪುಣೆಯ ತಾಂಬಟ್ ಆಳಿಗೆ ಹೋಗಿ ನೋಡಿ ಅಂದರು. ಕಸಬಾ ಪೇಟೆಯ ಆ ಓಣಿಯಲ್ಲಿ ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವ ಕುಟುಂಬಗಳಿವೆ. ಒಂದು ಇಡೀ ದಿನ ಕೂತು ನೋಡಿದೆ. ನಮ್ಮೂರ ಬಚ್ಚಲಿನ ತಾಮ್ರದ ಹಂಡೆ ನೆನಪಾಯಿತು. ಅದರ ಮೈಮೇಲಿನ ಸುತ್ತಿಗೆಯ ಗುರುತುಗಳನ್ನು ಚಿಕ್ಕವನಾಗಿದ್ದಾಗ ನಾನು ಅಲಂಕಾರ ಅಂದುಕೊಂಡಿದ್ದೆ. ಅಲಂಕಾರ ಮಾತ್ರವಲ್ಲವಂತೆ. ಕಾಯಿಸಿದ ತಾಮ್ರ ಮೆತ್ತಗಾಗುತ್ತದೆ, ಬಡಿದಂತೆಲ್ಲ ಗಟ್ಟಿಯಾಗುತ್ತದೆ. ಆ ಗುರುತುಗಳು ಪಾತ್ರೆಗೆ ಬಲ ತುಂಬಿದ ಏಟುಗಳು. ಅಲ್ಲಿಯೂ ತರಗತಿ ಎಂಬುದಿಲ್ಲ. ಅಪ್ಪನ ಪಕ್ಕದಲ್ಲಿ ಮಗ ಕೂತಿದ್ದ, ಅಷ್ಟೆ.

ಕೊನೆಗೆ ನನಗೆ ಶಾಲೆ ಸಿಕ್ಕಿದ್ದು ಹಳೇ ಕುರ್ಲಾದಲ್ಲೇ. ಎಪ್ಪತ್ತರ ಹತ್ತಿರದ ಒಬ್ಬ ಡೆಂಟರ್, ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಇಬ್ಬರು ಹುಡುಗರು ಕೈಕೆಳಗಿದ್ದರು. ನನ್ನ ಕೋರಿಕೆ ಕೇಳಿ ಅವರು ಸ್ವಲ್ಪ ಹೊತ್ತು ನನ್ನ ಕೈ ನೋಡಿದರು. ‘ಕಲಮ್ ಕಾ ಹಾಥ್ ಹೈ’ ಅಂದರು. ಭಾನುವಾರ ಬೆಳಿಗ್ಗೆ ಬರಬಹುದು, ಫೀಸು ಬೇಡ, ಪ್ರಶ್ನೆ ಕಡಿಮೆ ಕೇಳಬೇಕು ಎಂಬ ಕರಾರು.

ಮೂರನೆಯ ಭಾನುವಾರ ಅವರು ಒಂದು ಮರದ ಕೊಡತಿ ತೆಗೆದುಕೊಟ್ಟರು. ಹಿಡಿ ಸವೆದು ನುಣುಪಾಗಿತ್ತು. ‘ನಮ್ಮ ಉಸ್ತಾದರದ್ದು. ಬೆಂಗಳೂರುವಾಲಾ’ ಅಂದರು. ನನಗೆ ಮೈ ಜುಂ ಅಂದಿತು. ವಿಮಾನದ ಕಾರ್ಖಾನೆಯಲ್ಲಿ ಅಲ್ಯುಮಿನಿಯಂ ತಗಡು ಬಡಿಯುತ್ತಿದ್ದವನಂತೆ, ಯುದ್ಧ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು ಪ್ರೀಮಿಯರ್ ಕಾರ್ಖಾನೆ ಸೇರಿದನಂತೆ.

ಈ ದಾರಿ ಸುಳ್ಳಿರಲಾರದು, ಅದಕ್ಕೆ ಇತಿಹಾಸ ಇದೆ. ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು, ನಮ್ಮ ದೇಶದ್ದೇ ಮೋಟಾರು ಕಾರ್ಖಾನೆಗೆ ಯೋಜನೆ ತಯಾರಿಸಿದರು. ಸ್ಥಳ ಮುಂಬಯಿ. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್. ಬೆಂಬಲ ಕೊಡಲು ಸಿದ್ಧವಿದ್ದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ ಮಾಡುವ ಪ್ರಯತ್ನಕ್ಕೆ ಬ್ರಿಟಿಷರ ಒಪ್ಪಿಗೆ ಸಿಗಲಿಲ್ಲ. ಕಾರಿಗಿಂತ ಮೊದಲು ವಿಮಾನವೇ ಬಂತು. ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಶುರುಮಾಡಿದರು. ಅದೇ ಇಂದಿನ ಎಚ್‌ಎಎಲ್. 1942ರಲ್ಲಿ ಅದರ ಆಡಳಿತ ಸರ್ಕಾರದ ಕೈಗೆ ಹೋಯಿತು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಗುಂಡು ತಗಲಿದ ರೆಕ್ಕೆಗೆ ತಗಡು ಕೂರಿಸುವ ಕೆಲಸವನ್ನು ಸಾವಿರಾರು ಜನ ಅಲ್ಲಿ ಕೈಯಿಂದ ಕಲಿತರು. ಶಾಂತಿ ಬಂದ ಮೇಲೆ ವಿಮಾನದ ಕೆಲಸ ಇಳಿಯಿತು. ಕಾರ್ಖಾನೆ ಬಸ್ಸಿನ ಬಾಡಿ, ರೈಲು ಬೋಗಿಗಳನ್ನು ಮಾಡಿ ಬದುಕಿತು. ಆ ಬೋಗಿ ವಿಭಾಗವೇ 1964ರಲ್ಲಿ ಬೆಮೆಲ್ ಆಯಿತು.

ಅದೇ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಕುರ್ಲಾದಿಂದ ವಾಹನಗಳು ಹೊರಬಂದವು. ಮುಂದೆ ಫಿಯೆಟ್ ಒಪ್ಪಂದ, 1964ರಲ್ಲಿ 1100 ಡಿಲೈಟ್, ಎಪ್ಪತ್ತರ ದಶಕದಲ್ಲಿ ಅದಕ್ಕೇ ಪದ್ಮಿನಿ ಎಂಬ ಹೆಸರು. ಹೀಗೆ ಬೆಂಗಳೂರಿನ ವಿಮಾನ ಕಾರ್ಖಾನೆಗೂ ಕುರ್ಲಾದ ಕಾರು ಕಾರ್ಖಾನೆಗೂ ಒಬ್ಬನೇ ಯಜಮಾನ. ಒಂದರಲ್ಲಿ ಕಲಿತ ಕೈ ಇನ್ನೊಂದರ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯವೇನು? ಆದರೆ ಉಸ್ತಾದರ ಆ ಗುರುವಿನ ಹೆಸರಿನ ಒಂದು ಚೂರು ಕಾಗದವೂ ಅವರ ಹತ್ತಿರ ಇರಲಿಲ್ಲ. ಕೊಡತಿ ಮಾತ್ರ ಇತ್ತು. ಕಾಗದ ಇಲ್ಲದ್ದನ್ನು ನಂಬದೆ ಜೀವಮಾನ ಕಳೆದ ನಾನು ಆ ಕೊಡತಿಯನ್ನು ನಂಬಿದೆ.

ಲೈಸೆನ್ಸ್ ಕಾಲದಲ್ಲಿ ಹೊಸ ಫಿಯೆಟ್ಟಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಳೆಯದನ್ನು ಬಿಸಾಡುವ ಮಾತೇ ಇರಲಿಲ್ಲ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳು ವಾರಕ್ಕೊಮ್ಮೆ ಗುದ್ದಿಕೊಳ್ಳುತ್ತಿದ್ದವು, ಡೆಂಟರುಗಳು ಬಡಿದು ನಿಲ್ಲಿಸುತ್ತಿದ್ದರು. ಆ ಕೊರತೆಯೇ ಈ ವಿದ್ಯೆಯ ವಿಶ್ವವಿದ್ಯಾಲಯ. 1983ರ ಕೊನೆಗೆ ಮಾರುತಿ 800 ಬಂತು. ಬಿಡಿಭಾಗ ಸುಲಭವಾಗಿ ಸಿಗತೊಡಗಿದವು. ಜಖಂ ಆದ ಬಾಗಿಲನ್ನು ಬಡಿಯುವ ಬದಲು ಬಿಚ್ಚಿ ಹೊಸದು ಹಾಕಿ ವಿಮೆ ಕಂಪೆನಿಗೆ ಬಿಲ್ಲು ಕಳಿಸುವ ಪದ್ಧತಿ ಬೆಳೆಯಿತು. ನಾನೂ ಹಾಗೆ ಎಷ್ಟೋ ಕಾರು ಸಾಲ ಮಂಜೂರು ಮಾಡಿದವನೇ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಅಂತ್ಯಕ್ಕೆ ಅದೂ ಬೀದಿಯಿಂದ ಮರೆಯಾಯಿತು.

ನನ್ನ ಪಾಠದ ವಿಷಯ ಹೇಳಿದರೆ ನಗೆಪಾಟಲು. ಅಂಗೈಯಗಲದ ತಗಡನ್ನು ಮರಳಿನ ಚೀಲದ ಮೇಲಿಟ್ಟು ಬಟ್ಟಲು ಮಾಡಬೇಕಿತ್ತು. ನಾಲ್ಕು ಭಾನುವಾರದ ನಂತರ ಅದು ಸುಟ್ಟ ಹಪ್ಪಳದ ಹಾಗಾಯಿತು. ನಾನು ನಡುವಿಗೇ ಹೊಡೆಯುತ್ತಿದ್ದೆ. ಅವರು ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬರುತ್ತಿದ್ದರು. ಹಿಗ್ಗಿ ಸಡಿಲಾದ ಜಾಗವನ್ನು ಬಿಗಿ ಮಾಡಲು ನಾಣ್ಯದಷ್ಟಗಲ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಸುತ್ತ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. ಚುಸ್ ಅಂದು ತಗಡು ಕುಗ್ಗುತ್ತದೆ. ಅಲ್ಯುಮಿನಿಯಂ ಆದರೆ ಅದು ಕೆಂಪಾಗುವುದಿಲ್ಲ, ಸದ್ದಿಲ್ಲದೆ ಕರಗಿಬಿಡುತ್ತದೆ. ಆದ್ದರಿಂದ ಮೊದಲು ಗ್ಯಾಸಿನ ಮಸಿ ಹಿಡಿಸಿ, ಆಮೇಲೆ ಆ ಮಸಿ ಸುಟ್ಟು ಮಾಯವಾಗುವಷ್ಟೇ ಕಾಯಿಸಬೇಕು. ಅದು ಬೆಂಗಳೂರುವಾಲಾ ಕಲಿಸಿದ್ದಂತೆ. ಇನ್ನು ತಗಡು ಸಮ ಆಯಿತೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ. ಕೂದಲೆಳೆಯ ಉಬ್ಬು ಕೂಡ ಅಂಗೈಗೆ ಗೊತ್ತಾಗುತ್ತದೆ.

ಹಾಗೆ ಅವರು ಅಂಗೈ ಸವರುವಾಗಲೇ, 1987ರಲ್ಲಿ ನನ್ನ ಮೇಜಿನ ಮೇಲೆ ಚಾಚಿದ್ದ ಆ ಎರಡು ಕೈಗಳು ನೆನಪಾದವು. ಅವನು ಬೇಡುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ದಾಖಲೆ ತೋರಿಸುತ್ತಿದ್ದ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಇಬ್ಬರು ಹುಡುಗರೂ ಊರಿಗೆ ಹೋದರು. ಒಬ್ಬ ಅಲ್ಲೇ ರಿಕ್ಷಾ ಓಡಿಸುತ್ತಿದ್ದಾನೆ. ಇನ್ನೊಬ್ಬ ತಿರುಗಿ ಬಂದನಾದರೂ ಕಂಪೆನಿಯ ಸರ್ವಿಸ್ ಸೆಂಟರಿಗೆ ಅರ್ಜಿ ಹಾಕಬೇಕೆಂದಿದ್ದ. ಮುಂದೆ ಕೆಲವು ಭಾನುವಾರ ಉಸ್ತಾದರಿಗೆ ಶಿಷ್ಯ ಅಂತ ಇದ್ದವನು ಹಪ್ಪಳ ಬಡಿಯುವ ನಾನೊಬ್ಬನೇ.

ನನ್ನ ಕೈಯಿಂದ ತಗಡು ಬಗ್ಗಲಿಲ್ಲ. ಬಗ್ಗುವುದು ಕಾಗದ ಮಾತ್ರ. ಆ ಕೆಲಸ ಮಾಡೋಣ ಅಂದುಕೊಂಡೆ. 2023ರ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಯೋಜನೆ ಬಂದಾಗ ಆಸೆಯಿಂದ ಹದಿನೆಂಟು ಕಸುಬುಗಳ ಪಟ್ಟಿ ಓದಿದೆ. ಕಮ್ಮಾರನಿದ್ದಾನೆ, ಸುತ್ತಿಗೆ ಮಾಡುವವನೂ ಇದ್ದಾನೆ. ಆ ಸುತ್ತಿಗೆಯಿಂದ ಕಾರಿನ ತಗಡು ಬಡಿಯುವವನಿಲ್ಲ! ಆದರೆ 2015ರ ಕೌಶಲ ಯೋಜನೆಯಲ್ಲಿ ಒಂದು ದಾರಿಯಿದೆ. ಶಾಲೆಗೆ ಹೋಗದೆ ಕೆಲಸ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುತ್ತಾರೆ. ಉಸ್ತಾದರು ‘ನನಗೆ ಈ ವಯಸ್ಸಲ್ಲಿ ಯಾಕೆ, ಹುಡುಗನಿಗೆ ಮಾಡಿಸಿ’ ಅಂದರು.

ಗಾಲಾದಲ್ಲೇ ಕೂತು ಹುಡುಗನ ವಿವರಗಳನ್ನು ಬರೆದೆ. ಅನುಭವ ಎಂಬ ಕಡೆ ಉಸ್ತಾದರ ಹೆಸರು ಹಾಕಿದೆ. ಅವರು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಅಂತ ಸೇರಿಸಿದೆ. ಅವರ ಗುರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕಲಿತವರು ಎಂದೂ ಒಂದು ಸಾಲು ಸೇರಿಸಿದೆ. ಪರೀಕ್ಷೆಗೆ ಅದು ಬೇಕಾಗಿರಲಿಲ್ಲ, ಜಾಗವೂ ಸಾಲುತ್ತಿರಲಿಲ್ಲ, ಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದೆ. ಉಸ್ತಾದರು ‘ಓದಿ ಹೇಳಿ’ ಅಂದರು. ಓದಿದೆ. ಇನ್ನೊಂದು ಸಲ ಓದಿಸಿದರು.

ಹುಡುಗ ಪಾಸಾದ. ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಕವರು ಹಾಕಿ ಗೋಡೆಗೆ ಮೊಳೆ ಹೊಡೆದಿದ್ದಾನೆ, ಪಕ್ಕದಲ್ಲೇ ಆ ಮರದ ಕೊಡತಿ ತೂಗುತ್ತದೆ. ಸರ್ವಿಸ್ ಸೆಂಟರಿಗೆ ಅವನು ಇನ್ನೂ ಹೋಗಿಲ್ಲ. ನನ್ನ ಮಡ್‌ಗಾರ್ಡು ಬಡಿದುಕೊಟ್ಟವನು ಅವನೇ. 1987ರ ಆ ಡೆಂಟರನ್ನು ಕುರ್ಲಾದ ಗಲ್ಲಿಗಳಲ್ಲಿ ಬಹಳ ವಿಚಾರಿಸಿದೆ. ಅರ್ಜಿಯನ್ನು ತಿರುಗಿ ಕೊಟ್ಟುಬಿಟ್ಟಿದ್ದೆನಲ್ಲ, ಹೆಸರು ಕೂಡ ನನ್ನ ಹತ್ತಿರ ಉಳಿದಿಲ್ಲ.