ನವಲಗುಂದದ ಮಗ್ಗ ಮತ್ತು ನಮ್ಮ ಸ್ತ್ರೀಯರ ದುಡಿಮೆ

ನವಲಗುಂದ ಎಂದೊಡನೆ ನಮಗೆಲ್ಲ ನೆನಪಾಗುವುದು 1980ರ ಜುಲೈ ತಿಂಗಳ ರೈತ ಬಂಡಾಯ. ಅಂದು ಮಡಿದವರ ನೆನಪಿಗೆ ಅಲ್ಲಿ ವೀರಗಲ್ಲು ನಿಂತಿದೆ. ಆದರೆ ಅದೇ ಊರಿನ ಮನೆಗಳೊಳಗೆ ಸ್ತ್ರೀಯರು ತಲೆತಲಾಂತರದಿಂದ ನಡೆಸಿಕೊಂಡು ಬಂದ ದುಡಿಮೆಗೆ ಯಾವ ಕಲ್ಲೂ ಇಲ್ಲ. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನಮ್ಮ ಸೀಮೆಯ ಗತಕಾಲವನ್ನು ಅವಲೋಕಿಸುವಾಗ, ಆ ದುಡಿಮೆಯನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ, ಯುದ್ಧದ ಭೀತಿಯಿಂದ ನೆಲೆ ಅರಸಿ ಬಂದ ಜಮಖಾನದ ನೇಕಾರರು ನವಲಗುಂದದಲ್ಲಿ ನೆಲೆಸಿದರೆಂದು ಪ್ರತೀತಿಯಿದೆ. ಇಲ್ಲಿ ಈ ಕಸುಬು ಮುಸ್ಲಿಂ ಮನೆತನಗಳ ಸ್ತ್ರೀಯರ ಕೈಯಲ್ಲಿ ಉಳಿದು ಬೆಳೆಯಿತು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹಾಸಿನ ಎಳೆಗಳ ನಡುವೆ ಬಣ್ಣಬಣ್ಣದ ಹತ್ತಿಯ ನೂಲನ್ನು ಬೆರಳುಗಳಿಂದಲೇ ತೂರಿಸಿ, ಕಬ್ಬಿಣದ ಹಲ್ಲುಗಳುಳ್ಳ ಪಂಜದಿಂದ ಬಡಿದು ಬಿಗಿಗೊಳಿಸುತ್ತಾರೆ. ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳು ಅವರ ಸ್ಮೃತಿಯಲ್ಲಿಯೇ ಉಳಿದುಬಂದಿವೆ.

ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ಇತ್ತೆಂದು ಹೇಳುತ್ತಾರೆ. ಮದುವೆಯಾಗಿ ಹೋಗುವ ಮಗಳೊಡನೆ ಕಸುಬಿನ ಗುಟ್ಟೂ ಪರಊರಿಗೆ ಹೋದೀತೆಂಬ ಅಂಜಿಕೆಯೇ ಇದಕ್ಕೆ ಕಾರಣ. ಆ ರೂಢಿಯು ಕಲೆಯನ್ನು ಊರಿನಲ್ಲಿ ಉಳಿಸಿತು, ನಿಜ. ಆದರೆ ಕಲಿಯುವವರ ಸಂಖ್ಯೆಯನ್ನೂ ಕುಗ್ಗಿಸಿತು. ಯಂತ್ರದ ಅಗ್ಗದ ಹಾಸುಗಳು ಪೇಟೆಗೆ ಬಂದ ಮೇಲೆ, ಹಲವು ದಿನಗಳ ನೇಯ್ಗೆಗೆ ತಕ್ಕ ಬೆಲೆ ದೊರೆಯದೆ ಮಗ್ಗಗಳು ಒಂದೊಂದಾಗಿ ನಿಂತವು. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರಿಗೆ ರಕ್ಷಣೆ ಬಂದಿತು. ಆದರೆ ಹೆಸರು ತಾನಾಗಿಯೇ ಕೂಲಿಯಾಗಲಾರದು.

ಇದೇ ಪಾಠವನ್ನು ಹುಬ್ಬಳ್ಳಿಯ ಬೆಂಗೇರಿಯೂ ಕಲಿಸುತ್ತದೆ. 1957ರಲ್ಲಿ ಸ್ಥಾಪನೆಯಾದ ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಬಹುತೇಕ ಸ್ತ್ರೀಯರೇ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಾಗ ಈ ಕೈಗಳ ಕೆಲಸಕ್ಕೆ ಕುತ್ತು ಬಂದಿತು. ಅವರ ಕೌಶಲದಲ್ಲಿ ಯಾವ ಕೊರತೆಯೂ ಇರಲಿಲ್ಲ, ಬದಲಾದುದು ಮಾರುಕಟ್ಟೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಯೊಪ್ಪದ ತಬಿಥಾಳನ್ನು ನಾವು ಬಲ್ಲೆವು. ಆಕೆ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರ ಮುಂದೆ ಅಳುತ್ತ ತೋರಿಸಿದ್ದು, ಆಕೆ ಹೊಲಿದುಕೊಟ್ಟ ಉಡುಪುಗಳನ್ನು. ಕೈಕೆಲಸವು ಒಂದು ಜೀವನದ ಸಾಕ್ಷಿಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆ ಸ್ವಸಹಾಯ ಸಂಘಗಳಿವೆ; ಹೊಲಿಗೆ, ಕಸೂತಿ ಕಲಿಯುವ ಆಸಕ್ತಿಯುಳ್ಳ ತರುಣಿಯರಿದ್ದಾರೆ. ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಭಾವಚಿತ್ರ ತೆಗೆಸಿಕೊಂಡರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ತಿಳಿಯಬಾರದು. ಸರಕನ್ನು ಕೊಳ್ಳುವವರು ಯಾರು, ಬೆಲೆ ನಿರ್ಧರಿಸುವವರು ಯಾರು, ಹಣ ಯಾರ ಕೈಸೇರುತ್ತದೆ ಎಂಬುದನ್ನು ಮೊದಲೇ ವಿಚಾರಿಸಬೇಕು. ಆ ಬೆಲೆಯನ್ನು ನಿರ್ಧರಿಸುವಲ್ಲಿ ಆಕೆಯ ಮಾತೂ ನಡೆಯಬೇಕು. ಮಗಳಿಗೂ ಸೊಸೆಗೂ ಸಮನಾಗಿ ವಿದ್ಯೆ ದೊರೆಯಬೇಕು. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರವು, ಜಾತಿಮತಗಳ ಭೇದವೆಣಿಸದೆ, ಈ ಸೇವೆಯಲ್ಲಿ ತೊಡಗಲೆಂದು ಪ್ರಾರ್ಥಿಸುತ್ತೇವೆ.