ತೂಕ ಬರೆದಿಟ್ಟ ವಹಿ

ನಮ್ಮ ಅವ್ವನಿಗೆ ನಲವತ್ತರಾಗೇ ಶುಗರ್ ಬಂತು. ಒಮ್ಮೆ ಕೋಟನೂರದ ಮನೆಗೆ ಬಂದ ಬೀಗರೊಬ್ಬರು ಗುಳಿಗೆ ಡಬ್ಬಿ ನೋಡಿ, "ಬಾಯಿ ಕಟ್ಟಬೇಕ್ರೀ ಅಕ್ಕಾರ, ತಿಂದಿದ್ದಕ್ಕ ಬರೋ ಬ್ಯಾನಿ ಇದು" ಅಂದರು. ಅವ್ವ ಸುಮ್ಮನಿದ್ದಳು. ಆಯಿಗೆ ಮಾತ್ರ ಸಿಟ್ಟು ಬಂತು. "ಎಪ್ಪತ್ತೆರಡರ ಬರದಾಗ ಇಕಿ ನನ್ನ ಹೊಟ್ಟ್ಯಾಗಿದ್ದಳು. ದಿನಾ ಕಲ್ಲು ಒಡಿಲಾಕ ಹೋಗ್ತಿದ್ದೆ, ಒಂದು ಹೊತ್ತು ರೊಟ್ಟಿ. ಏನು ತಿಂದಾಳಂತ ಇಕಿ?"

ಬೀಗರು ಮಾತು ಬದಲಿಸಿದರು. ನನಗೆ ಮಾತ್ರ ಆ ಪ್ರಶ್ನೆ ಉಳೀತು. ಹೊಟ್ಟೆಯಲ್ಲಿದ್ದಾಗಿನ ಹಸಿವಿಗೂ ನಲವತ್ತು ವರ್ಷದ ಮೇಲಿನ ಬ್ಯಾನಿಗೂ ಸಂಬಂಧ ಇರ್ತದೇನು? ಹುಡುಕುತ್ತಾ ಹೋದರೆ ಉತ್ತರದ ಒಂದು ತುಂಡು ನಮ್ಮ ರಾಜ್ಯದಲ್ಲೇ, ಮೈಸೂರಿನಲ್ಲಿ ಸಿಕ್ಕಿತು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಅಂತಾರಲ್ಲ ಅಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ವಹಿಯಲ್ಲಿ ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ ಅಷ್ಟೆ. ಆ ಹೊತ್ತಿಗೆ ಇಂಗ್ಲೆಂಡಿನ ಹಳೇ ವಹಿಗಳೂ ಯಾರದೋ ಕಪಾಟಿನಲ್ಲಿ ಬಿದ್ದಿದ್ದವು. ಮುಂದೆ ಡೇವಿಡ್ ಬಾರ್ಕರ್ ಅವನ್ನು ತೆಗೆಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದಯರೋಗ ಹೆಚ್ಚು ಎಂದು ತೋರಿಸಿದರು. ಅವರ ತಂಡದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ವಹಿ ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಸುತ್ತಮುತ್ತಲೇ ಉಳಿದಿದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯರೋಗ. 3.1 ಕಿಲೋ ದಾಟಿದವರಲ್ಲಿ ನೂರಕ್ಕೆ ಮೂರೇ ಜನಕ್ಕೆ.

ಶುಗರ್ ವಿಷಯದಲ್ಲಿ ಮಾತ್ರ ಅದೇ ವಹಿ ಬೇರೆ ಮಾತು ಹೇಳಿತು. ಅಲ್ಲಿ ಶುಗರ್ ಹೆಚ್ಚಿದ್ದದ್ದು ಗಿಡ್ಡ, ಆದರೆ ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ಬಸುರಿಯ ರಕ್ತದಲ್ಲೇ ಸಕ್ಕರೆ ಏರಿದ್ದರೆ ಕೂಸಿಗೆ ಏನಾಗ್ತದೆ ಅನ್ನೋ ಪ್ರಶ್ನೆ ಎದ್ದಿತು. 1997–98ರಲ್ಲಿ ಅದೇ ಆಸ್ಪತ್ರೆಯ 800ಕ್ಕೂ ಹೆಚ್ಚು ಬಸುರಿಯರಿಂದ ಹೊಸ ಅಧ್ಯಯನ ಶುರುವಾಯ್ತು. ಅಂದರೆ ಆಯಿಯ ಮಾತಿಗೆ ಮೈಸೂರು ನೇರವಾಗಿ ಹೂಂ ಅನ್ನಲಿಲ್ಲ.

ಹೂಂ ಅಂದದ್ದು ಹಾಲೆಂಡ್. 1944–45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ಆಹಾರ ಸಾಗಾಟ ತಡೆದು ಅಲ್ಲಿನ ಊರುಗಳನ್ನು ಉಪವಾಸ ಕೆಡವಿತ್ತು. ಆ ಹಸಿವನ್ನು ಹೊಟ್ಟೆಯಲ್ಲಿದ್ದಾಗ ಕಂಡವರಿಗೆ ಐವತ್ತರ ಹೊತ್ತಿಗೆ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ ಎಂದು 1998ರಲ್ಲಿ ಗೊತ್ತಾಯ್ತು. ಮೈಗೆ ಅಷ್ಟು ದಿನ ನೆನಪು ಉಳಿಯೋದು ಹೇಗೆ?

ನಮ್ಮ ಮನೆಗಳಲ್ಲಿ ಭಾಂಡೆ ಎಷ್ಟೋ ಇರ್ತಾವ. ದಿನದ್ದು ಒಲೆ ಹತ್ತಿರ, ಮದುವೆಯ ದೊಡ್ಡ ಡಬರಿ ಅಟ್ಟದ ಮೇಲೆ. ಜೀನುಗಳದ್ದೂ ಹಂಗೇ. ಎಲ್ಲ ಜೀವಕೋಶದಲ್ಲೂ ಹೆಚ್ಚುಕಡಿಮೆ ಅವೇ ಜೀನುಗಳು, ಆದರೆ ಕಣ್ಣಿಗೆ ಬೇಕಾದ್ದು ಕಣ್ಣಲ್ಲಿ, ಯಕೃತ್ತಿಗೆ ಬೇಕಾದ್ದು ಅಲ್ಲಿ ಕೆಲಸ ಮಾಡ್ತದೆ. ಯಾವುದು ಕೆಳಗಿರಬೇಕು, ಯಾವುದು ಅಟ್ಟಕ್ಕೇರಬೇಕು ಅನ್ನೋದನ್ನು ಡಿಎನ್‌ಎ ಮೇಲೆ ಕೂತ ಮೀಥೈಲ್ ಎಂಬ ಪುಟ್ಟ ಗುರುತುಗಳು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳು ನಿರ್ಧರಿಸ್ತಾವೆ. ಜೀನಿನ ಅಕ್ಷರ ಬದಲಾಗೋದಿಲ್ಲ. ಇದೇ ಎಪಿಜೆನೆಟಿಕ್ಸ್, ಈ ಹೆಸರು 1942ರಲ್ಲಿ ಕಾನ್ರಾಡ್ ವ್ಯಾಡಿಂಗ್ಟನ್ ಕೊಟ್ಟದ್ದು. 2008ರಲ್ಲಿ ಹಾಲೆಂಡಿನ ತಂಡ, ಆ ಬರದಲ್ಲಿ ಗರ್ಭ ನಿಂತವರನ್ನು ಅವರ ಒಡಹುಟ್ಟಿದವರ ಜೊತೆ ಹೋಲಿಸಿತು. ಬೆಳವಣಿಗೆಗೆ ಬೇಕಾದ ಐಜಿಎಫ್2 ಎಂಬ ಜೀನಿನ ಮೇಲೆ ಬರದವರಲ್ಲಿ ಮೀಥೈಲ್ ಗುರುತು ಕಡಿಮೆ ಇತ್ತು, ಅರವತ್ತು ವರ್ಷದ ಮೇಲೂ. ಆ ಗುರುತೇ ಬ್ಯಾನಿ ತಂತು ಎಂದು ಇದರಿಂದ ಸಾಬೀತಾಗಲಿಲ್ಲ, ಗುರುತು ಉಳಿದದ್ದು ಮಾತ್ರ ಖರೆ.

ಹಾಗಂತ ಇದನ್ನು ಹಣೆಬರಹ ಅಂದುಕೊಳ್ಳಬ್ಯಾಡ್ರಿ. ಗುರುತು ಅಳಿಸಬಹುದು ಅನ್ನೋ ಕಾರಣಕ್ಕೇ ವಿಜ್ಞಾನಿಗಳಿಗೆ ಇಷ್ಟು ಆಸೆ. ಮೀಥೈಲ್ ಗುರುತು ಕಡಿಮೆ ಮಾಡುವ ಅಜಾಸಿಟಿಡಿನ್ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಅಸ್ಥಿಮಜ್ಜೆಯ ರೋಗವೊಂದಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಅರಿಶಿಣದ ಕರ್ಕ್ಯುಮಿನ್ ಮತ್ತು ಮುರುಗಲು ಸಿಪ್ಪೆಯ ಗಾರ್ಸಿನಾಲ್, ಹಿಸ್ಟೋನ್ ಮೇಲೆ ಗುರುತು ಹಚ್ಚುವ ಪಿ300 ಎಂಬ ಕಿಣ್ವವನ್ನು ತಡೀತಾವೆ ಎಂದು ತೋರಿಸಿತು. ಪ್ರಯೋಗಾಲಯದ ಮಾತಿದು. ಅರಿಶಿಣ ಮುಕ್ಕಿ ಗುಳಿಗೆ ಬಿಡುವಂತಿಲ್ಲ.

ಅವ್ವ ಮನೆಯಲ್ಲೇ ಸೂಲಗಿತ್ತಿ ಕೈಯಾಗ ಹುಟ್ಟಿದವಳು. ಅವಳ ತೂಕ ಯಾವ ವಹಿಯಲ್ಲೂ ಇಲ್ಲ. ಅವಳ ಶುಗರ್ ಬರದಿಂದಲೇ ಬಂತು ಅಂತ ಯಾವ ವಿಜ್ಞಾನಿಯೂ ಹೇಳಲಾರ, ಬರೀ ಬಾಯಿ ಚಪಲದಿಂದ ಬಂತು ಅಂತ ಬೀಗರೂ ಹೇಳಲಾರರು. ಹೊಟ್ಟೆಗಿಲ್ಲದೆ ಕಲ್ಲು ಒಡೆದ ಆಯಿಯ ಮೇಲೆ ತಪ್ಪು ಹೊರಿಸೋದಂತೂ ಆಗದ ಮಾತು. ಬಸುರಿಯ ತಾಟು ಖಾಲಿ ಇತ್ತು ಅಂದರೆ, ಅದನ್ನು ಖಾಲಿ ಬಿಟ್ಟವರು ಬೇರೆ.

ನನ್ನ ಮಗಳು ಹುಟ್ಟಿದಾಗ ನರ್ಸಮ್ಮ ತಾಯಿ ಕಾರ್ಡಿನಲ್ಲಿ ತೂಕ ಬರೆದರು: 2 ಕೆಜಿ 600 ಗ್ರಾಂ. ಆಯಿಗೆ ಓದಿ ಹೇಳಿದೆ. ಕಾರ್ಡು ಇಸಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಜ್ವಾಕಿ ಇಡವ್ವ ಇದನ್ನ" ಅಂದಳು. ಹೊಲದ ಕಾಗದಪತ್ರದ ಪೆಟ್ಟಿಗೆಯಲ್ಲಿ ಇಟ್ಟೇನಿ.